ಅವಧಾನದ ಗುಳಿಗೆಯೂ ಅದರ ಅಡ್ಡಪರಿಣಾಮಗಳೂ

ಅವಧಾನವೆಂಬ ಶಬ್ದವನ್ನು ಕೇಳಿದೊಡನೆ ನಮ್ಮ ವಾಚಕರಿಗೆ ಅಷ್ಟಾವಧಾನ ಶತಾವಧಾನಗಳ ಸಭೆಗಳು ನೆನಪಿಗೆ ಬರುವುದು ಸಹಜವು. ಪೃಚ್ಛಕರು ಎಂಟು ಕಡೆಯಿಂದ ಎಳೆಯುತ್ತಿದ್ದರೂ ಚಿತ್ತವು ಕದಲದೆ ನಿಲ್ಲುವ ಆ ಶಕ್ತಿಯನ್ನು ಕಂಡು ನಾವು ಬೆರಗಾಗುತ್ತೇವೆ. ಈ ಲೇಖನವು ಅದಕ್ಕೆ ತೀರ ವಿರುದ್ಧವಾದ ಪ್ರಕೃತಿಯುಳ್ಳವರನ್ನು ಕುರಿತದ್ದು. ಒಂದೇ ಪುಟದ ಮೇಲೆ ಮನಸ್ಸನ್ನು ನಿಲ್ಲಿಸಲಾರದೆ ಬಳಲುವ ಈ ಸ್ಥಿತಿಗೆ ಈಗಿನ ವೈದ್ಯರು ಎ.ಡಿ.ಎಚ್.ಡಿ. ಎಂದು ಹೆಸರಿಟ್ಟಿದ್ದಾರೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಉಪಾಧ್ಯಾಯನಾಗಿದ್ದ ನಾನು ಇಂತಹ ಹುಡುಗರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಬೆಂಚಿನ ಮೇಲೆ ನಿಲ್ಲಿಸಿಯೂ ಇದ್ದೇನೆ. ಅದೊಂದು ರೋಗವಾಗಿರಬಹುದೆಂದು ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ನನ್ನ ಮಗಳ ಮಗನಿಂದ. ಇಪ್ಪತ್ತೆರಡು ವಯಸ್ಸಿನ ಆ ಹುಡುಗನು ಬೆಂಗಳೂರಿನಲ್ಲಿ ಓದುತ್ತಿರುವನು. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅವನ ಕೊರಳ ಮೂಳೆಗಳು ಎದ್ದು ಕಾಣುತ್ತಿದ್ದುವು. ಹೋಳಿಗೆಯನ್ನು ಮುರಿದು ಎಲೆಯ ಅಂಚಿಗೆ ಸರಿಸಿದನು. ರಾತ್ರಿ ಎರಡು ಗಂಟೆಗೂ ಅವನ ಕೋಣೆಯ ದೀಪವು ಉರಿಯುತ್ತಿತ್ತು. ಸಾಯಂಕಾಲವಾದರೆ ಕಾರಣವಿಲ್ಲದೆ ಅಜ್ಜಿಯ ಮೇಲೆ ಸಿಡುಕುವನು. ಅವಳು ಏನೇನೋ ಊಹಿಸಿ ಕಣ್ಣೀರಿಟ್ಟಳು. ಕಡೆಗೆ ನಾನೊಬ್ಬನೇ ಕುಳಿತಿದ್ದಾಗ ಅವನು ಬಾಯಿಬಿಟ್ಟನು. ಮನೋವೈದ್ಯರೊಬ್ಬರು ಮೀಥೈಲ್‌ಫೆನಿಡೇಟ್ ಎಂಬ ಗುಳಿಗೆಯನ್ನು ಕೊಟ್ಟಿದ್ದರಂತೆ. ಓದು ಕೈಗೆ ಹತ್ತಿತಂತೆ, ಆದರೆ ಹಸಿವೂ ನಿದ್ರೆಯೂ ಹೋದುವಂತೆ. "ಅದನ್ನು ವೈದ್ಯರಿಗೇಕೆ ತಿಳಿಸಲಿಲ್ಲ?" ಎಂದೆನು. "ತಿಳಿಸಿದರೆ ಔಷಧವನ್ನೇ ನಿಲ್ಲಿಸಿಬಿಟ್ಟಾರು ತಾತ. ಮತ್ತೆ ನಾನು ಮೊದಲಿನಂತೆಯೇ ಆಗಿಬಿಡುವೆನು" ಎಂದನು. ಈ ಭಯದಿಂದ ಅವನು ಯಾರಿಗೂ ಹೇಳದೆ ಕೆಲವು ದಿನ ಗುಳಿಗೆಯನ್ನು ಬಿಟ್ಟು ಕೆಲವು ದಿನ ನುಂಗುತ್ತ ತಾನೇ ತನಗೆ ವೈದ್ಯನಾಗಿದ್ದನು. ಅವನಿಗೆ ಸಮಾಧಾನ ಹೇಳುವ ಮೊದಲು ವಿಷಯವನ್ನು ತಿಳಿಯಬೇಕೆಂದು ನಾನು ಈ ಔಷಧದ ಚರಿತ್ರೆಯನ್ನು ಓದತೊಡಗಿದೆನು.

ಈ ಜಾತಿಯ ಔಷಧಗಳಲ್ಲಿ ಹಿರಿಯದು ಆಂಫೆಟಮಿನ್. ಇದನ್ನು ೧೮೮೭ರಲ್ಲಿ ರುಮೇನಿಯದ ಲಾಜಾರ್ ಎಡೆಲೆಯಾನು ಎಂಬ ರಸಾಯನಜ್ಞನು ಬರ್ಲಿನ್ ನಗರದಲ್ಲಿ ತಯಾರಿಸಿದನು. ಅದರ ಗುಣವನ್ನು ಯಾರೂ ವಿಚಾರಿಸದೆ ನಲವತ್ತು ವರ್ಷ ಕಳೆದುವು. ಆ ಬಳಿಕ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಗಾರ್ಡನ್ ಆಲೆಸ್ ಎಂಬವನು ಉಬ್ಬಸಕ್ಕೆ ಕೊಡುತ್ತಿದ್ದ ಎಫೆಡ್ರಿನ್ನಿಗೆ ಬದಲು ವಸ್ತುವನ್ನು ಹುಡುಕುತ್ತಿದ್ದನು. (ಎಫೆಡ್ರಿನ್ ದೊರೆಯುವ ಗಿಡದ ಜಾತಿಯೇ ವೇದದ ಸೋಮಲತೆಯೆಂದು ವಾದಿಸುವ ವಿದ್ವಾಂಸರುಂಟು, ಆ ವಿವಾದಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ.) ೧೯೨೯ರ ಜೂನ್ ತಿಂಗಳಲ್ಲಿ ಅವನು ಐವತ್ತು ಮಿಲಿಗ್ರಾಮ್ ಆಂಫೆಟಮಿನನ್ನು ತನ್ನ ಮೈಗೇ ಚುಚ್ಚಿಸಿಕೊಂಡು, ಆದುದನ್ನೆಲ್ಲ ಬರೆದಿಟ್ಟನು. ಮೂಗು ಒಣಗಿ ತೆರವಾಯಿತು, ರಕ್ತದ ಒತ್ತಡವೇರಿತು, ಎದೆ ಬಡಿದುಕೊಂಡಿತು, ಮನಸ್ಸಿಗೆ ಉಲ್ಲಾಸವುಂಟಾಯಿತು, ರಾತ್ರಿ ನಿದ್ರೆ ಬರಲಿಲ್ಲ. ನನ್ನ ಮೊಮ್ಮಗನು ಅಪರಾಧದಂತೆ ಬಚ್ಚಿಟ್ಟುಕೊಂಡಿದ್ದ ಸಂಗತಿಗಳಲ್ಲಿ ಕೆಲವು ಹೀಗೆ ಮೊದಲನೆಯ ದಿನವೇ ದಾಖಲೆಯಾಗಿದ್ದುವು.

ಮುಂದಿನ ಹತ್ತು ವರ್ಷಗಳ ಕಥೆಯು ಇನ್ನೂ ವಿಚಿತ್ರವಾದುದು. ಮೂಗನ್ನು ಒಣಗಿಸುವ ಗುಣವನ್ನು ಹಿಡಿದು ಒಂದು ಔಷಧ ಕಂಪೆನಿಯು ಬೆಂಜೆಡ್ರಿನ್ ಎಂಬ ಹೆಸರಿನಲ್ಲಿ ಸೇದುವ ಕೊಳವೆಯನ್ನು ಮಾರಿತು. ೧೯೩೫ರಲ್ಲಿ ಹಗಲೆಲ್ಲ ತೂಕಡಿಸುವ ರೋಗಿಗಳಿಗೆ ಅದನ್ನೇ ಕೊಟ್ಟರು. ಅಲ್ಲಿ ನಿದ್ರೆಯನ್ನು ಕಳೆಯುವುದೇ ಬೇಕಾದ ಗುಣವಾಯಿತು. ೧೯೩೮ರಲ್ಲಿ ಲೆಸೆಸ್ ಮತ್ತು ಮಯರ್ಸನ್ ಎಂಬ ವೈದ್ಯರು ಸ್ಥೂಲಕಾಯರಿಗೆ ಕೊಟ್ಟರು. ಅಲ್ಲಿ ಹಸಿವನ್ನು ಅಡಗಿಸುವುದೇ ಚಿಕಿತ್ಸೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಎಚ್ಚರವಾಗಿಡಲು ಹಂಚಿದರು. ವಸ್ತುವು ಒಂದೇ, ಒಬ್ಬನಿಗೆ ಫಲವಾದದ್ದು ಇನ್ನೊಬ್ಬನಿಗೆ ಅಡ್ಡಪರಿಣಾಮ. ಹೊಟ್ಟೆಗೆ ಬೇಡವೆನಿಸಿದ್ದು ಹುಡುಗನ ದೌರ್ಬಲ್ಯವಲ್ಲ, ಔಷಧದ ಸ್ವಭಾವವೇ ಅದು.

ಮಕ್ಕಳ ಚಿತ್ತಕ್ಕೆ ಇದು ಒದಗಿದ್ದು ಅಕಸ್ಮಾತ್ತಾಗಿ. ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದಲ್ಲಿ ೧೯೩೧ರಲ್ಲಿ ತೆರೆದ ಮಕ್ಕಳ ಚಿಕಿತ್ಸಾಲಯವೊಂದುಂಟು. ಮಿದುಳಿನ ರೋಗಕ್ಕೆ ತುತ್ತಾದ ಎಮ್ಮ ಪೆಂಡಲ್‌ಟನ್ ಬ್ರಾಡ್ಲಿ ಎಂಬ ಹುಡುಗಿಯ ಹೆಸರಿನಲ್ಲಿ ಅದು ನಡೆಯುತ್ತಿತ್ತು. ಅಲ್ಲಿನ ವೈದ್ಯನಾದ ಚಾರ್ಲ್ಸ್ ಬ್ರಾಡ್ಲಿಯು ಮಿದುಳಿನ ಚಿತ್ರ ತೆಗೆಯಲು ಬೆನ್ನುಹುರಿಯ ದ್ರವವನ್ನು ತೆಗೆದು ಗಾಳಿ ತುಂಬುವ ಪರೀಕ್ಷೆಯನ್ನು ಮಾಡಬೇಕಾಗುತ್ತಿತ್ತು. ಆ ಮೇಲೆ ಮಕ್ಕಳಿಗೆ ಬರುತ್ತಿದ್ದ ತಲೆನೋವು ಘೋರವಾದುದು. ದ್ರವವು ಬೇಗ ತುಂಬಿಕೊಂಡೀತೆಂದು ಅವನು ಬೆಂಜೆಡ್ರಿನನ್ನು ಕೊಟ್ಟನು. ತಲೆನೋವಿಗೆ ಹೆಚ್ಚು ಪ್ರಯೋಜನವಾಗಲಿಲ್ಲ, ಆದರೆ ಪಾಠದಲ್ಲಿ ಮಕ್ಕಳ ಮನಸ್ಸು ನಿಂತಿತು! ೧೯೩೭ರಲ್ಲಿ ಅವನು ಮೂವತ್ತು ಮಕ್ಕಳಿಗೆ ಒಂದು ವಾರ ಕೊಟ್ಟು ನೋಡಿದ ಫಲವನ್ನು ಪ್ರಕಟಿಸಿದನು. ಹದಿನಾಲ್ಕು ಮಂದಿಯ ಓದು ಬೆರಗಾಗುವಷ್ಟು ಸುಧಾರಿಸಿತ್ತು. ಮಕ್ಕಳು ತಾವೇ ಅದನ್ನು 'ಲೆಕ್ಕದ ಗುಳಿಗೆ'ಯೆಂದು ಕರೆದರಂತೆ.

ಮೊಮ್ಮಗನು ನುಂಗುತ್ತಿದ್ದ ಮೀಥೈಲ್‌ಫೆನಿಡೇಟ್ ಇದರ ದಾಯಾದಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪೆನಿಯಲ್ಲಿ ಲಿಯಾಂಡ್ರೊ ಪನಿಝೋನ್ ಎಂಬವನು ೧೯೪೪ರಲ್ಲಿ ಅದನ್ನು ತಯಾರಿಸಿದನು. ಅವನ ಹೆಂಡತಿಯ ಮುದ್ದಿನ ಹೆಸರು ರೀಟಾ; ಅದರಿಂದಲೇ ರಿಟಾಲಿನ್ ಎಂಬ ನಾಮಧೇಯವುಂಟಾಗಿ ೧೯೫೪ರಲ್ಲಿ ಮಾರಾಟಕ್ಕೆ ಬಂದಿತು. ಹೆಂಡತಿಯ ಹೆಸರನ್ನು ಕಾವ್ಯಕ್ಕಿಟ್ಟವರನ್ನು ಬಲ್ಲೆವು, ಗುಳಿಗೆಗಿಟ್ಟವನು ಅಪೂರ್ವ.

ಅಡ್ಡಪರಿಣಾಮಗಳನ್ನು ವೈದ್ಯರು ಅಳೆದು ನೋಡುವ ಕೆಲಸವು ತಡವಾಗಿ ನಡೆಯಿತು. ೧೯೭೨ರಲ್ಲಿ ಸೇಫರ್, ಆಲೆನ್, ಬಾರ್ ಎಂಬ ಮೂವರು ಈ ಔಷಧಗಳನ್ನು ಸೇವಿಸುವ ಮಕ್ಕಳ ಬೆಳವಣಿಗೆಯು ಕುಂಠಿತವಾಗುವುದೆಂದು ತೋರಿಸಿದರು. ಮಕ್ಕಳನ್ನು ಕಾಲಕಾಲಕ್ಕೆ ತೂಗಿ ಅಳೆಯುವುದು ಈಗ ಚಿಕಿತ್ಸೆಯ ಒಂದು ಅಂಗವಾಗಿದೆ. ಆದರೆ ಬೆಳೆದವರ ಕಡೆಗೆ ಯಾರ ದೃಷ್ಟಿಯೂ ಹೋಗಿರಲಿಲ್ಲ. ವಯಸ್ಸಾದಂತೆ ಈ ರೋಗವು ತಾನೇ ಬಿಟ್ಟುಹೋಗುವುದೆಂದು ನಂಬಿದ್ದರು. ಯೂಟಾ ಸಂಸ್ಥಾನದಲ್ಲಿ ಪಾಲ್ ವೆಂಡರ್ ಮೊದಲಾದವರು ೧೯೭೬ರಲ್ಲಿ ವಯಸ್ಕರ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದ ಮೇಲೆ ಆ ನಂಬಿಕೆಯು ಸಡಿಲವಾಗತೊಡಗಿತು.

ಇಲ್ಲಿ ತರುಣರ ಕಷ್ಟವು ಬೇರೆಯೇ. ಮಗುವಿಗೆ ಗುಳಿಗೆ ಕೊಡುವವಳೂ ತಟ್ಟೆಯಲ್ಲಿ ಮಿಕ್ಕ ಅನ್ನವನ್ನು ನೋಡುವವಳೂ ತಾಯಿ. ಹಾಸ್ಟೆಲಿನ ಹುಡುಗನಿಗೆ ಯಾರು? ಔಷಧದ ವೇಗವು ಹೆಚ್ಚಿರುವ ಮಧ್ಯಾಹ್ನದಲ್ಲಿಯೇ ಮೆಸ್ಸಿನ ಊಟ; ಅದು ಬೇಡವಾಗುವುದು. ಮೆಸ್ಸು ಒಂಬತ್ತಕ್ಕೆ ಮುಚ್ಚುವುದು. ಅವನ ಹಸಿವು ತೆರೆಯುವುದು ಹತ್ತಕ್ಕೆ. ಆಗ ಕಾಫಿ ಕುಡಿದು ಕುಳಿತರೆ ನಿದ್ರೆಯೂ ಇಲ್ಲ, ಎದೆಯ ಬಡಿತವೂ ಹೆಚ್ಚು. ಔಷಧವು ಇಳಿಯುವ ಹೊತ್ತಿನಲ್ಲಿ ಬರುವ ಸಿಡುಕನ್ನು ಅವನ ಅಜ್ಜಿ ದುರ್ಗುಣವೆಂದೆಣಿಸಿದ್ದಳು.

ಉಪಾಯಗಳೂ ಈ ಚರಿತ್ರೆಯಲ್ಲಿಯೇ ಬೆಳೆದು ಬಂದಿವೆ. ಮೊದಲಿನ ಗುಳಿಗೆಯ ಬಲವು ಮೂರು ನಾಲ್ಕು ಗಂಟೆ ಮಾತ್ರ ಇರುತ್ತಿದ್ದುದರಿಂದ ದಿನಕ್ಕೆ ಎರಡು ಮೂರು ಸಲ ನುಂಗಬೇಕಾಗಿತ್ತು. ೨೦೦೦ದಲ್ಲಿ ಅಮೆರಿಕದಲ್ಲಿ ಸಮ್ಮತಿ ಪಡೆದ ಒಂದು ಗುಳಿಗೆಯು ನೀರನ್ನು ಹೀರಿಕೊಂಡು ಉಬ್ಬಿ, ಕಿರಿದಾದ ರಂಧ್ರದಿಂದ ಔಷಧವನ್ನು ಸುಮಾರು ಹನ್ನೆರಡು ಗಂಟೆಗಳ ಕಾಲ ಮೆಲ್ಲಗೆ ಹೊರದೂಡುವುದು. ಅದರ ಬರಿಯ ಚಿಪ್ಪು ಮಲದಲ್ಲಿ ಹಾಗೆಯೇ ಹೊರಬೀಳುವುದನ್ನು ಕಂಡು ಔಷಧವೇ ಮೈಗೆ ಹತ್ತಲಿಲ್ಲವೆಂದು ಗಾಬರಿಯಾಗಬೇಕಾಗಿಲ್ಲ. ೨೦೦೨ರಲ್ಲಿ ಉತ್ತೇಜಕವಲ್ಲದ ಆಟೊಮೊಕ್ಸೆಟಿನ್ ಎಂಬ ಬೇರೊಂದು ಔಷಧವೂ ಬಂದಿದೆ. ಪ್ರಮಾಣವನ್ನು ತಗ್ಗಿಸಬಹುದು, ಹೊತ್ತನ್ನು ಮುಂದಕ್ಕೆಳೆಯಬಹುದು, ಔಷಧವನ್ನೇ ಬದಲಿಸಬಹುದು. ಇಷ್ಟೂ ದಾರಿಗಳು ವೈದ್ಯರ ಕೈಯಲ್ಲಿವೆ, ಆದರೆ ರೋಗಿಯು ಹೇಳಿದರೆ ತಾನೆ! ನಮ್ಮ ದೇಶದಲ್ಲಿ ಮೀಥೈಲ್‌ಫೆನಿಡೇಟ್ ೧೯೮೫ರ ಮಾದಕದ್ರವ್ಯಗಳ ಕಾಯಿದೆಯ ಕಟ್ಟಿಗೊಳಪಟ್ಟಿರುವುದರಿಂದ ಸ್ನೇಹಿತರೊಡನೆ ಹಂಚಿಕೊಳ್ಳುವುದಂತೂ ಸಲ್ಲದು. ಶೋಧನಚಿಕಿತ್ಸೆಯಿಂದ ಹುಟ್ಟುವ ತೊಂದರೆಗಳಿಗೆ ವ್ಯಾಪತ್ತೆಂದು ಹೆಸರಿಟ್ಟು ಅವುಗಳಿಗೂ ಪರಿಹಾರವನ್ನು ವಿವರಿಸಿದ ಚರಕಸಂಹಿತೆಯ ಸಿದ್ಧಿಸ್ಥಾನವನ್ನು ನಾನು ಮೊಮ್ಮಗನಿಗೆ ತೋರಿಸಿದೆನು. ಅವನು ನಕ್ಕನು, ಆದರೆ ಆಲೆಸ್ಸನ ಕಥೆಯೇ ಅವನ ಮನಸ್ಸಿಗೆ ನಾಟಿತು.

ಅಂದೇ ಅವನು ಒಂದು ನೋಟುಪುಸ್ತಕದಲ್ಲಿ ಹಸಿವು, ನಿದ್ರೆ, ನಾಡಿ, ಸಿಡುಕು ಎಂದು ನಾಲ್ಕು ಗೆರೆಯೆಳೆದನು. ಎರಡು ವಾರ ಬರೆದು ವೈದ್ಯರ ಮುಂದಿಟ್ಟನು. ಅವರು ಬೈಯಲಿಲ್ಲ, ಔಷಧವನ್ನು ನಿಲ್ಲಿಸಲೂ ಇಲ್ಲ. ತೂಕವನ್ನೂ ರಕ್ತದ ಒತ್ತಡವನ್ನೂ ನೋಡಿ ಪ್ರಮಾಣವನ್ನು ಸ್ವಲ್ಪ ಇಳಿಸಿ, ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಏಳು ಗಂಟೆಗೆ ನುಂಗೆಂದು ಹೇಳಿ, ಮಧ್ಯಾಹ್ನದ ಮೇಲೆ ಕಾಫಿಯನ್ನು ಬಿಡಿಸಿದರು. ಯುಗಾದಿಯ ವೇಳೆಗೆ ಕಳೆದುಹೋದ ತೂಕದಲ್ಲಿ ಮೂರು ಕಿಲೋ ಮರಳಿ ಬಂದಿತ್ತು. ನಿದ್ರೆಯು ಇನ್ನೂ ಪೂರ್ಣವಾಗಿ ಸರಿಹೋಗಿಲ್ಲ. ಅವನು ಊರಿಗೆ ಬಂದಾಗ ಅಜ್ಜಿಯು ಈಗ ಏನನ್ನೂ ಕೇಳುವುದಿಲ್ಲ. ರಾತ್ರಿ ಹತ್ತಕ್ಕೆ ಮತ್ತೊಮ್ಮೆ ಒಲೆ ಹಚ್ಚುತ್ತಾಳೆ.