ಅಚ್ಯುತಾಪುರಂನ ಪೇಪರು

ಅಚ್ಯುತಾಪುರಂ ಅಂದರೆ ನಮ್ಮ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ವಿಶಾಖಪಟ್ಟಣದಿಂದ ದಕ್ಷಿಣಕ್ಕೆ, ಬೆಲ್ಲಕ್ಕೆ ಹೆಸರಾದ ಅನಕಾಪಲ್ಲಿಯ ಆಚೆ, ಸಮುದ್ರಕ್ಕೆ ಹತ್ತಿರದ ಊರು. 2008ರಲ್ಲಿ ನಾನು ಅಲ್ಲಿನ ಶಾಖೆಗೆ ವರ್ಗವಾಗಿ ಹೋದಾಗ ವಿಶೇಷ ಆರ್ಥಿಕ ವಲಯದ ಕೆಲಸ ಆಗಷ್ಟೇ ಶುರುವಾಗಿತ್ತು. ಹೆಂಡತಿ, ಮಕ್ಕಳು ಮಂಗಳೂರಿನಲ್ಲಿ, ನಾನೊಬ್ಬನೇ ಬಾಡಿಗೆ ಮನೆಯಲ್ಲಿ. ತೆಲುಗು ಲಿಪಿ ನಮ್ಮದರ ತಮ್ಮನಂತೆ ಕಂಡರೂ ಪೇಪರು ಓದುವಷ್ಟು ಪಳಗಿರಲಿಲ್ಲ. ಬೆಳಿಗ್ಗೆ ಶಾಖೆಯ ಬಾಗಿಲು ತೆರೆಯುವ ಮೊದಲು ಅಟೆಂಡರ್ ಓದಿ ಹೇಳುತ್ತಿದ್ದ, ನಾನು ಕಾಫಿ ಕುಡಿಯುತ್ತ ಕೇಳುತ್ತಿದ್ದೆ. ಅವನು ದಲಿತ. ಊರಿನ ಹೊರಗಿನ ಪೇಟದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ.

ಆ ವರ್ಷದ ಆಗಸ್ಟಿನಲ್ಲಿ ಪೇಪರಿನ ತುಂಬ ಒಂದೇ ಸುದ್ದಿ. 2007ರ ಡಿಸೆಂಬರ್ 27ರಂದು ವಿಜಯವಾಡದ ಹತ್ತಿರ ಇಬ್ರಾಹಿಂಪಟ್ನಂನ ಖಾಸಗಿ ಹಾಸ್ಟೆಲಿನಲ್ಲಿ ಫಾರ್ಮಸಿ ಓದುತ್ತಿದ್ದ ಹುಡುಗಿಯೊಬ್ಬಳ ಕೊಲೆಯಾಗಿತ್ತು. ಎಂಟು ತಿಂಗಳಾದರೂ ಆರೋಪಿ ಸಿಕ್ಕಿರಲಿಲ್ಲ. ದೊಡ್ಡ ರಾಜಕಾರಣಿಯೊಬ್ಬರ ಮನೆಯವರ ಮೇಲೆ ಜನರಿಗೆ ಗುಮಾನಿ. ಆಗ ಪೊಲೀಸರು ನಂದಿಗಾಮದ ಕಡೆಯ ಒಬ್ಬ ಬಡ ದಲಿತ ಹುಡುಗನನ್ನು ಹಿಡಿದು, ಇವನೇ ಅಂದರು. ಸಣ್ಣಪುಟ್ಟ ಕಳ್ಳತನದ ಆರೋಪ ಮೊದಲೇ ಇತ್ತು, ಡಿಎನ್‌ಎ ಪರೀಕ್ಷೆಯ ಮಾತೂ ಬಂತು. ಹುಡುಗನಿಗೆ ನರದ ಕಾಯಿಲೆ, ನಡೆಯಲಿಕ್ಕೂ ಆಗುತ್ತಿರಲಿಲ್ಲ. ಪೊಲೀಸರು ಅವನನ್ನು ಎತ್ತಿಕೊಂಡು ಹೋಗುವ ಫೋಟೋ ಮುಂದೆ ಎಲ್ಲ ಕಡೆ ಬಂತು.

ಅಟೆಂಡರ್ ಪೇಪರು ಮಡಿಸಿಟ್ಟು, "ಬಡವ, ಅದರಲ್ಲೂ ನಮ್ಮವನು. ಹಿಡಿಯೋದು ಸುಲಭ ಸಾರ್" ಅಂದ.

ನನಗೆ ಸಿಟ್ಟು ಬಂತು. "ನೀವು ಎಲ್ಲದಕ್ಕೂ ಜಾತಿ ತರ್ತೀರಿ. ಪೊಲೀಸರು ಸುಮ್ಮನೆ ಹಿಡೀತಾರಾ? ಕೋರ್ಟು ಹೇಳಲಿ" ಅಂದೆ. ಕೋರ್ಟು ಹೇಳಲಿ ಅಂದವನು ನಾನೇ, ಆದರೆ ನನ್ನ ಮನಸ್ಸಿನಲ್ಲಿ ತೀರ್ಪು ಆಗಲೇ ಬರೆದಾಗಿತ್ತು. ಇಪ್ಪತ್ತೈದು ಸಾವಿರದ ಸಾಲಕ್ಕೆ ಬಂದವನಿಂದ ಪಹಣಿ, ಜಾಮೀನು, ಗುರುತಿನ ಚೀಟಿ ಎಲ್ಲ ಕೇಳಿ, ಮತ್ತೆ ಖುದ್ದಾಗಿ ಹೊಲ ನೋಡಿ ಬರುತ್ತಿದ್ದ ಮನುಷ್ಯ ನಾನು. ಅವನು ಮರುಮಾತಾಡದೆ ಲೋಟ ತೊಳೆಯಲು ಹೋದ.

ಡಿಸೆಂಬರಿನಲ್ಲಿ ವಾರಂಗಲ್ ಸುದ್ದಿ. ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರ ಮೇಲೆ ಆಸಿಡ್ ಎರಚಿದ ಆರೋಪದ ಮೂವರು ಹುಡುಗರು ಡಿಸೆಂಬರ್ 13ರಂದು ಪೊಲೀಸರ ಗುಂಡಿಗೆ ಸತ್ತರು. ಕರೆದುಕೊಂಡು ಹೋದಾಗ ತಿರುಗಿ ಬಿದ್ದರು ಅಂತ ಪೊಲೀಸರ ಹೇಳಿಕೆ. ಅಲ್ಲಿನ ಎಸ್.ಪಿ. ವಿ.ಸಿ. ಸಜ್ಜನರ್, ನಮ್ಮ ಹುಬ್ಬಳ್ಳಿಯವರು! ಪರಊರಿನಲ್ಲಿದ್ದವನಿಗೆ ಊರಿನ ಹೆಸರು ಕೇಳಿದರೆ ಏನಾಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಶಾಖೆಗೆಲ್ಲ ಸ್ವೀಟು ತರಿಸಿದೆ. ಅಟೆಂಡರ್ ತನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಕೌಂಟರಿನ ಮೇಲೆ ಬಿಟ್ಟು ಹೋಗಿದ್ದ. ಮರೆತಿದ್ದಾನೆ ಅಂದುಕೊಂಡೆ.

2019ರ ಡಿಸೆಂಬರ್ 6ರಂದು ಹೈದರಾಬಾದಿನ ಹತ್ತಿರ ಹೆಚ್ಚುಕಮ್ಮಿ ಅದೇ ಕತೆ, ಅದೇ ಅಧಿಕಾರಿ, ಆಗ ಸೈಬರಾಬಾದ್ ಕಮಿಷನರ್. ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳು ಸತ್ತರು. ನಮ್ಮ ರಾಜ್ಯದಲ್ಲೂ ಹಬ್ಬದ ಸಡಗರ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು: ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕು. ಆ ಹತ್ತರಲ್ಲಿ ಸಜ್ಜನರ್ ಹೆಸರಿಲ್ಲ, ಅದನ್ನೂ ಹೇಳಬೇಕು. ಸತ್ತವರಲ್ಲಿ ಮೂವರು ಇನ್ನೂ ಅಪ್ರಾಪ್ತರು ಅಂತಲೂ ಆಯೋಗ ಹೇಳಿತು. ಅದಕ್ಕೆ ಯಾರೂ ಸ್ವೀಟು ಹಂಚಲಿಲ್ಲ, ವಾಪಸು ತರಿಸಿಕೊಳ್ಳಲೂ ಇಲ್ಲ.

2010ರಲ್ಲಿ ವಿಜಯವಾಡದ ಕೋರ್ಟು ಆ ನಂದಿಗಾಮದ ಹುಡುಗನಿಗೆ ಶಿಕ್ಷೆ ಕೊಟ್ಟಿತು. ಆಗ ನಾನೂ ವರ್ಗವಾಗಿ ವಿಜಯವಾಡದಲ್ಲೇ ಇದ್ದೆ. ನಾನು ಹೇಳಿದ್ದೇ ಸರಿಯಾಯ್ತು ಅನ್ನಿಸಿತು. ಒಂದು ಸಂಗತಿ ಮಾತ್ರ ಚುಚ್ಚುತ್ತಿತ್ತು. ಸತ್ತ ಹುಡುಗಿಯ ತಂದೆತಾಯಿ, ಮುಸ್ಲಿಂ ಕುಟುಂಬದವರು, ಇವನಲ್ಲ ಅಂತಲೇ ಹೇಳುತ್ತಿದ್ದರು. ಮಗಳನ್ನು ಕಳಕೊಂಡವರು ಆರೋಪಿಯ ಪರ ಯಾಕೆ ನಿಲ್ಲುತ್ತಾರೆ ಮಾರಾಯರೇ? ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ.

2016ರಲ್ಲಿ ಸರದಿ ನಮ್ಮದು. ಆಗ ನಾನು ಬೆಂಗಳೂರಿನಲ್ಲಿ. ಜನವರಿ 31ರಂದು ಹೆಸರಘಟ್ಟ ರಸ್ತೆಯಲ್ಲಿ ಸೂಡಾನಿನ ವಿದ್ಯಾರ್ಥಿಯ ಕಾರು ಹೆಂಗಸೊಬ್ಬಳ ಮೇಲೆ ಹರಿಯಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ವಿಜಯವಾಡದ ಹಳೆಯ ಸಹೋದ್ಯೋಗಿ ಫೋನು ಮಾಡಿ, "ಏಮಂಡಿ, ಮೀ ಊರ್ಲೋ ಇದೇಂಟಿ?" ಅಂದಾಗ, ಗೃಹಮಂತ್ರಿ ಪರಮೇಶ್ವರ ಅವರು ಹೇಳಿದ್ದನ್ನೇ ಒಪ್ಪಿಸಿದೆ: ಇದು ಜನಾಂಗ ದ್ವೇಷವಲ್ಲ, ಅಪಘಾತದ ಸಿಟ್ಟು. ಫೋನಿಟ್ಟ ಮೇಲೆ ಯೋಚಿಸಿದೆ. ಆ ಕಾರಿಗೂ ಈ ಹುಡುಗಿಗೂ ಇದ್ದ ಸಂಬಂಧ ಯಾವುದು? ಮೈಬಣ್ಣ ಒಂದೇ. ಕರ್ತವ್ಯಲೋಪಕ್ಕೆ ಪೊಲೀಸರೇ ಅಮಾನತಾದದ್ದೂ ಆಮೇಲೆ ಪೇಪರಿನಲ್ಲಿ ಬಂತು.

2017ರ ಮಾರ್ಚ್ 31ರಂದು ಹೈದರಾಬಾದ್ ಹೈಕೋರ್ಟ್ ನಂದಿಗಾಮದ ಹುಡುಗ ನಿರ್ದೋಷಿ ಅಂದಿತು. ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿ, ತನಿಖೆ ಮಾಡಿದ ಪೊಲೀಸರ ಮೇಲೆ ಕ್ರಮ ಕೈಗೊಳ್ಳಿ ಅಂತಲೂ ಹೇಳಿತು. ಎಂಟು ವರ್ಷದ ಮೇಲೆ ಒಳಗಿದ್ದವನು ರಾಜಮಂಡ್ರಿ ಜೈಲಿನಿಂದ ಹೊರಬಂದ. ಮುಂದೆ ಸಿಬಿಐ ಹೊಸದಾಗಿ ತನಿಖೆಗೆ ಇಳಿದು, 2019ರ ಡಿಸೆಂಬರಿನಲ್ಲಿ ತೆನಾಲಿಯಲ್ಲಿ ಗೋರಿ ಅಗೆಸಿ ಮತ್ತೆ ಶವಪರೀಕ್ಷೆ ಮಾಡಿಸಿತು. ರಾಜಕಾರಣಿಯ ಮನೆಯವರ ಮೇಲಿನ ಗುಮಾನಿಯೂ ಯಾವ ಕೋರ್ಟಿನಲ್ಲೂ ಸಾಬೀತಾಗಿಲ್ಲ. ಅಲ್ಲೂ ಜನ ಮೊದಲೇ ತೀರ್ಪು ಕೊಟ್ಟಿದ್ದರು, ನಮ್ಮ ಅಟೆಂಡರ್ ಸಹಿತ.

ತೀರ್ಪು ಬಂದ ವಾರ ಅವನಿಗೆ ಫೋನು ಮಾಡಿದೆ. ಮಗಳ ಮದುವೆ ಆಯ್ತು, ಮಗನಿಗೆ ವಲಯದ ಕಾರ್ಖಾನೆಯಲ್ಲಿ ಕೆಲಸ ಅಂತೆಲ್ಲ ಹೇಳಿದ. ನಾನು ತಡವರಿಸಿ, "ಆವತ್ತು ನೀನು ಪೇಪರು ಓದಿದ್ದು ನೆನಪಿದೆಯಾ?" ಅಂದೆ.

"ಇದೆ ಸಾರ್. ಆಮೇಲೆ ನಿಮಗೆ ಬರೀ ಸಿನಿಮಾ ಸುದ್ದಿ ಓದಿ ಹೇಳ್ತಿದ್ದೆ, ನೀವು ಗಮನಿಸಲಿಲ್ಲ" ಅಂದ.