ಹಳದಿ ಅಂಗಿಯ ಭಾನುವಾರ

ಇವತ್ತಿನ ಮಾತು ಐಸ್ ಹಾಕಿಯ ಬಗ್ಗೆ. ತಪ್ಪಾಗಿ ಕೇಳಿಸಿಕೊಂಡಿಲ್ಲ, ಐಸ್ ಹಾಕಿಯೇ. ಅಪ್ಪ ಅಮ್ಮ ಹತ್ತಿರದಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳಿ, ನಡುವೆ ಕ್ರಿಕೆಟ್ಟೂ ಬರುತ್ತದೆ.

ನಾನು ಬೆಳೆದದ್ದು ಹಾಸನದ ಕಡೆ. ಅಲ್ಲಿ ನಮಗೆ ಐಸ್ ಅಂದರೆ ಐಸ್ ಕ್ಯಾಂಡಿ, ಅಷ್ಟೇ. ಮನ್ರೋಗೆ ಬಂದು ಮನೆ ಮಾಡಿ, ಮಗ ಸ್ಕೇಟ್ಸ್ ಕಟ್ಟಿಕೊಂಡ ಮೇಲೆ, ಜನವರಿಯ ಬೆಳಗಿನ ಐದೂವರೆಗೆ ಕಾಫಿ ಲೋಟ ಹಿಡಿದು ರಿಂಕಿನ ಬೆಂಚಿನ ಮೇಲೆ ನಡುಗುತ್ತಾ ಕೂರುವ ಯೋಗ ಬಂತು. ಒಂದು ದಿನ ರೆಫರಿ ನಮ್ಮ ಹುಡುಗರ ಗೋಲು ಕೊಡಲಿಲ್ಲ. ಉಳಿದ ಅಪ್ಪಂದಿರ ಜೊತೆ ನಾನೂ ಎದ್ದು ನಿಂತು ಕೂಗಿದೆ. ಆಟ ಮುಗಿದು ಹೆಲ್ಮೆಟ್ ತೆಗೆದಾಗ ನೋಡಿದರೆ ಆ ರೆಫರಿ ಹದಿನಾರೋ ಹದಿನೇಳೋ ವರ್ಷದ ಹುಡುಗಿ. ನಿಮ್ಮ ವಯಸ್ಸಿನವಳು. ಮನೆ ತಲುಪುವ ತನಕ ಮಗ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಅಂದಿನಿಂದ ರೆಫರಿಗಳ ಕಥೆ ಓದುವ ಚಟ ಹತ್ತಿತು. ಓದುತ್ತಾ ಹೋದಂತೆ ಗೊತ್ತಾಯಿತು, ಎನ್‌ಎಚ್‌ಎಲ್ ಪ್ಲೇಆಫ್ ಚರಿತ್ರೆಯ ಎರಡು ದೊಡ್ಡ ರಾದ್ಧಾಂತಗಳು ನಮ್ಮ ಊರಿನಿಂದ ಕಾರಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ನಡೆದಿವೆ. ಒಂದು ಲಾಂಗ್ ಐಲೆಂಡಿನಲ್ಲಿ, ಇನ್ನೊಂದು ನಮ್ಮ ನ್ಯೂಜೆರ್ಸಿಯಲ್ಲೇ.

ಮೊದಲನೆಯದು 1980ರ ಮೇ 24, ಶನಿವಾರ. ನಸಾವ್ ಕೊಲಿಸಿಯಮ್ಮಿನಲ್ಲಿ ಸ್ಟಾನ್ಲಿ ಕಪ್ ಫೈನಲ್ಲಿನ ಆರನೇ ಆಟ. ನ್ಯೂಯಾರ್ಕ್ ಐಲೆಂಡರ್ಸ್ ಸೀರೀಸಿನಲ್ಲಿ 3-2 ಮುಂದಿದ್ದರು. ಎದುರಿಗೆ ಫಿಲಡೆಲ್ಫಿಯಾ ಫ್ಲೈಯರ್ಸ್, ಅದೇ ಸೀಸನ್ನಿನಲ್ಲಿ ಒಂದೇ ಸಮನೆ 35 ಆಟ ಸೋಲದೆ ಬಂದಿದ್ದ ತಂಡ. ಮೊದಲ ಪೀರಿಯಡ್ಡಿನಲ್ಲಿ ಸ್ಕೋರು 1-1.

ಇಲ್ಲಿ ಒಂದು ನಿಯಮ ಹೇಳಬೇಕು. ಎದುರಾಳಿಯ ಕಡೆಯ ನೀಲಿ ಗೆರೆಯನ್ನು ಪಕ್ಕಿಗಿಂತ ಮೊದಲು ದಾಳಿ ಮಾಡುವವನು ದಾಟಬಾರದು. ದಾಟಿದರೆ ಆಫ್‌ಸೈಡ್. ಒಳಗೆ ಹೋದ ಪಕ್ ಮತ್ತೆ ಗೆರೆಯಿಂದ ಹೊರಗೆ ಬಂದರೆ, ತನ್ನ ಆಟಗಾರರು ಇನ್ನೂ ಒಳಗೇ ಇರುವಾಗ ಅದನ್ನು ಮತ್ತೆ ಒಳಗೆ ಒಯ್ಯುವಂತಿಲ್ಲ. ಕಬಡ್ಡಿಯ ಗೆರೆಯಷ್ಟೇ ಕಟ್ಟುನಿಟ್ಟು. ಅದನ್ನು ನೋಡಿಕೊಳ್ಳುವುದು ಲೈನ್ಸ್‌ಮನ್ನಿನ ಕೆಲಸ.

ಐಲೆಂಡರ್ಸ್‌ನ ಕ್ಲಾರ್ಕ್ ಗಿಲೀಸ್ ಗೆರೆಯೊಳಗೆ ಹೋಗಿ ಪಕ್ಕನ್ನು ಹಿಂದಕ್ಕೆ ಬಿಟ್ಟ. ಅದು ನೀಲಿ ಗೆರೆ ದಾಟಿ ಹೊರಗೆ ಬಂತು. ಬುಚ್ ಗೋರಿಂಗ್ ಅದನ್ನು ಹಿಡಿದು ಮತ್ತೆ ಒಳಗೆ ತಂದು ಡ್ವೇನ್ ಸಟ್ಟರ್‌ಗೆ ಕೊಟ್ಟ, ಸಟ್ಟರ್ ಗೋಲು ಹೊಡೆದ. ಲೈನ್ಸ್‌ಮನ್ ಲಿಯಾನ್ ಸ್ಟಿಕಲ್ ಗೆರೆಯ ಹತ್ತಿರವೇ ಇದ್ದ, ಆಫ್‌ಸೈಡ್ ಇಲ್ಲ ಎಂದು ಕೈ ಅಗಲಿಸಿ ತೋರಿಸಿದ. ಟಿವಿಯಲ್ಲಿ ಮತ್ತೆ ಹಾಕಿ ತೋರಿಸಿದಾಗ ದೇಶಕ್ಕೆಲ್ಲಾ ಕಂಡಿತು. ಆದರೆ ಐಸಿನ ಮೇಲಿದ್ದವರಿಗೆ ಟಿವಿ ನೋಡಿ ತೀರ್ಪು ಬದಲಿಸುವ ಅಧಿಕಾರ ಆಗ ಇರಲಿಲ್ಲ. ಆಟ 4-4ಕ್ಕೆ ಬಂದು, ಓವರ್‌ಟೈಮಿನಲ್ಲಿ ಬಾಬ್ ನಿಸ್ಟ್ರಮ್ ಗೋಲು ಹೊಡೆದು ಐಲೆಂಡರ್ಸ್ ಕಪ್ ಎತ್ತಿದರು. ಅಲ್ಲಿಂದ ಸಾಲಾಗಿ ನಾಲ್ಕು ವರ್ಷ ಅವರದ್ದೇ ಕಪ್.

ನನಗೆ ಮುಖ್ಯವಾಗಿ ಕಾಣುವುದು ಆಮೇಲಿನ ಸಂಗತಿ. ಆಟ ಮುಗಿದ ಮೇಲೆ ಸ್ಟಿಕಲ್ ವರದಿಗಾರರ ಮುಂದೆ ತಾನು ತಪ್ಪಿದ್ದನ್ನು ಒಪ್ಪಿಕೊಂಡ. ಹಾಕಿ ಕೋಲಿಗೆ ಸುತ್ತಿದ ಕಪ್ಪು ಟೇಪು ಕಣ್ಣಿಗೆ ಮೋಸ ಮಾಡಿರಬಹುದು ಎಂದ. ಲೀಗು ಅವನನ್ನು ಮನೆಗೆ ಕಳಿಸಲಿಲ್ಲ. ಆಮೇಲೂ ವರ್ಷಗಟ್ಟಲೆ ಪಟ್ಟೆ ಅಂಗಿ ಹಾಕಿಕೊಂಡು ಅದೇ ಕೆಲಸ ಮಾಡಿದ, ಫಿಲಡೆಲ್ಫಿಯಾದಲ್ಲಿ ಬೈಸಿಕೊಳ್ಳುತ್ತಲೇ. ಫ್ಲೈಯರ್ಸ್‌ಗೆ ಕಪ್ ಸಿಗಲಿಲ್ಲ, ನಿಜ. ಆದರೆ ಯಾರನ್ನು ಕೇಳಬೇಕು ಎಂಬುದು ಗೊತ್ತಿತ್ತು, ಕೇಳಿದಾಗ ಉತ್ತರವೂ ಬಂತು.

ಎಂಟು ವರ್ಷದ ಮೇಲೆ ನಮ್ಮ ನ್ಯೂಜೆರ್ಸಿಯಲ್ಲಿ ಅಂಥ ಉತ್ತರ ಸಿಗಲಿಲ್ಲ.

ಡೆವಿಲ್ಸ್ ತಂಡ ಕೊಲೊರಾಡೊದಿಂದ ಇಲ್ಲಿಗೆ ಬಂದದ್ದು 1982ರಲ್ಲಿ. ಮೊದಲ ವರ್ಷಗಳಲ್ಲಿ ಎಷ್ಟು ಸೋತರೆಂದರೆ, ವೇನ್ ಗ್ರೆಟ್ಸ್‌ಕಿಯೇ ಅವರನ್ನು ಮಿಕ್ಕಿ ಮೌಸ್ ಎಂದು ಆಡಿಕೊಂಡಿದ್ದ. 1988ರಲ್ಲಿ ಸೀಸನ್ನಿನ ಕೊನೆಯ ದಿನ ಶಿಕಾಗೊದಲ್ಲಿ ಓವರ್‌ಟೈಮ್ ಗೋಲು ಹೊಡೆದು, ಇಲ್ಲಿಗೆ ಬಂದ ಮೇಲೆ ಮೊಟ್ಟಮೊದಲ ಸಲ ಪ್ಲೇಆಫಿಗೆ ಬಂದರು. ಐಲೆಂಡರ್ಸ್‌ರನ್ನು ಸೋಲಿಸಿದರು, ವಾಷಿಂಗ್ಟನ್‌ನವರನ್ನು ಸೋಲಿಸಿದರು, ಫೈನಲ್ಲಿಗೆ ಒಂದೇ ಮೆಟ್ಟಿಲು ಉಳಿದಾಗ ಬಾಸ್ಟನ್ ಬ್ರೂಯಿನ್ಸ್ ಎದುರಾದರು. ಜಾಗ ನಿಮಗೆ ಗೊತ್ತಿರುವುದೇ. ಟರ್ನ್‌ಪೈಕಿನಲ್ಲಿ 8ಎ ಎಕ್ಸಿಟ್ಟಿನಿಂದ ಉತ್ತರಕ್ಕೆ ಹೋಗಿ 16ಡಬ್ಲ್ಯುನಲ್ಲಿ ಇಳಿದರೆ ಮೆಡೋಲ್ಯಾಂಡ್ಸ್. ಈಗ ನೀವು ಅಮೆರಿಕನ್ ಡ್ರೀಮ್ ಮಾಲಿಗೆ ಹೋಗುತ್ತೀರಲ್ಲ, ಅದರ ಪಕ್ಕದ ಅರೀನಾ. ಆಗ ಅದಕ್ಕೆ ಬ್ರೆಂಡನ್ ಬರ್ನ್ ಅರೀನಾ ಅಂತ ಹೆಸರು.

ಮೇ 6, ಶುಕ್ರವಾರ, ಮೂರನೇ ಆಟ. ಬಾಸ್ಟನ್ 6-1ರಿಂದ ಗೆದ್ದಿತು. ರೆಫರಿ ಡಾನ್ ಕೊಹಾರ್ಸ್‌ಕಿ ಕೊಟ್ಟ ತೀರ್ಪುಗಳ ಮೇಲೆ ಸಿಟ್ಟಾಗಿದ್ದ ಡೆವಿಲ್ಸ್ ಕೋಚ್ ಜಿಮ್ ಶೋನ್‌ಫೆಲ್ಡ್, ಆಟ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿಗೆ ಹೋಗುವ ಓಣಿಯಲ್ಲಿ ಅವನನ್ನು ಅಡ್ಡಗಟ್ಟಿದ. ಮಾತು ಏರಿತು. ಕೊಹಾರ್ಸ್‌ಕಿ ಎಡವಿ ಗೋಡೆಗೆ ಬಿದ್ದ. ನನ್ನನ್ನು ತಳ್ಳಿದೆ, ನಿನ್ನ ಕೋಚ್ ಕೆಲಸ ಇವತ್ತಿಗೆ ಮುಗಿಯಿತು ಎಂದು ಅವನು ಕೂಗಿದ. ನೀನೇ ಬಿದ್ದದ್ದು, ಹಂದಿ, ಹೋಗಿ ಇನ್ನೊಂದು ಡೋನಟ್ ತಿನ್ನು ಎಂದು ಇವನು ಕೂಗಿದ. ಇದೆಲ್ಲ ಟಿವಿ ಕ್ಯಾಮರಾದಲ್ಲಿ ದಾಖಲಾಗಿದೆ. ತಳ್ಳಿದನೋ, ತಾನೇ ಎಡವಿದನೋ ಎಂಬುದು ಮಾತ್ರ ಎಷ್ಟು ಸಲ ನೋಡಿದರೂ ಖಚಿತವಾಗುವುದಿಲ್ಲ. ಡೋನಟ್ಟಿನ ಮಾತಂತೂ ಅಮರವಾಯಿತು. 1992ರ ವೇನ್ಸ್ ವರ್ಲ್ಡ್ ಸಿನಿಮಾದಲ್ಲಿ ಡೋನಟ್ ಅಂಗಡಿಯಲ್ಲಿ ಕಾಣುವ ಪೊಲೀಸಿನವನ ಹೆಸರು ಕೊಹಾರ್ಸ್‌ಕಿ ಅಂತಲೇ ಇದೆ.

ನಗು ಬರುತ್ತದೆ, ಆದರೆ ಮುಂದಿನದು ನಗುವ ವಿಷಯವಲ್ಲ. ನಾಲ್ಕನೇ ಆಟ ಮೇ 8, ಭಾನುವಾರ, ಮದರ್ಸ್ ಡೇ. ಲೀಗು ಶೋನ್‌ಫೆಲ್ಡ್‌ನನ್ನು ಸಸ್ಪೆಂಡ್ ಮಾಡಿತು, ಅವನನ್ನು ಕರೆಸಿ ವಿಚಾರಣೆ ಮಾಡದೆಯೇ. ಡೆವಿಲ್ಸ್ ಮುಖ್ಯಸ್ಥ ಲೂ ಲಮೊರೆಲ್ಲೊ ಮೇಲ್ಮನವಿ ಕೇಳಿದರೆ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಲೀಗಿನ ಅಧ್ಯಕ್ಷ ಜಾನ್ ಜೀಗ್ಲರ್ ಎಲ್ಲಿದ್ದಾರೆಂದೇ ಗೊತ್ತಿಲ್ಲ. ಪ್ಲೇಆಫ್ ನಡೆಯುತ್ತಿದೆ, ಅಧ್ಯಕ್ಷರು ಸಿಗುತ್ತಿಲ್ಲ! ಆಗ ಡೆವಿಲ್ಸ್ ಏನು ಮಾಡಿದರು ಗೊತ್ತೇ? ನಮ್ಮ ಊರಿನ ಕಡೆ ಜಮೀನಿನ ಜಗಳದಲ್ಲಿ ಮಾಡುವಂತೆ ಕೋರ್ಟಿಗೆ ಹೋಗಿ ಸ್ಟೇ ತಂದರು. ಭಾನುವಾರದ ದಿನ, ಆಟಕ್ಕೆ ಸ್ವಲ್ಪ ಮೊದಲು, ನ್ಯೂಜೆರ್ಸಿ ಸುಪೀರಿಯರ್ ಕೋರ್ಟಿನ ನ್ಯಾಯಾಧೀಶ ಜೇಮ್ಸ್ ಮ್ಯಾಡನ್ ಸಸ್ಪೆನ್ಷನ್ನಿಗೆ ತಡೆಯಾಜ್ಞೆ ಕೊಟ್ಟರು. ಶೋನ್‌ಫೆಲ್ಡ್ ಬೆಂಚಿಗೆ ಬರಬಹುದು.

ಶೋನ್‌ಫೆಲ್ಡ್ ಬೆಂಚಿಗೆ ಬಂದರೆ ನಾವು ಐಸಿಗೆ ಇಳಿಯುವುದಿಲ್ಲ ಎಂದರು ರೆಫರಿ ಡೇವ್ ನ್ಯೂವೆಲ್ ಮತ್ತು ಇಬ್ಬರು ಲೈನ್ಸ್‌ಮನ್ನರು. ನಮ್ಮವನ ಮೈ ಮುಟ್ಟಿದ ಎಂಬ ಆರೋಪ ಹೊತ್ತವನು ಎರಡೇ ದಿನದಲ್ಲಿ ಮತ್ತೆ ಬೆಂಚಿನಲ್ಲಿ ನಿಂತರೆ ನಾಳೆ ನಮಗೆ ರಕ್ಷಣೆ ಎಲ್ಲಿದೆ ಎಂಬುದು ಅವರ ವಾದ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಯಾರಾದರೂ ಒಬ್ಬರ ಪಕ್ಷ ಹಿಡಿಯುತ್ತಾರೆ. ನನಗೆ ಇಬ್ಬರದೂ ನ್ಯಾಯವಾಗಿಯೇ ಕಾಣುತ್ತದೆ. ನನ್ನ ಮಾತು ಕೇಳದೆ ಶಿಕ್ಷೆ ಕೊಡಬೇಡಿ ಎಂದವನದೂ ಸರಿ. ನನ್ನನ್ನು ತಳ್ಳಿದವನ ಮುಂದೆ ಮತ್ತೆ ಸೀಟಿ ಊದಿಸಬೇಡಿ ಎಂದವನದೂ ಸರಿ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳಬೇಕಾದವನ ಕುರ್ಚಿ ಅವತ್ತು ಖಾಲಿ ಇತ್ತು.

ಜನ ಕಾದರು. ಒಂದು ಗಂಟೆಗೂ ಹೆಚ್ಚು ಹೊತ್ತು ಐಸು ಖಾಲಿ. ಕೊನೆಗೆ ಲೀಗಿನ ಆಡಳಿತ ಮಂಡಳಿಯ ಅಧ್ಯಕ್ಷ, ಶಿಕಾಗೊ ತಂಡದ ಮಾಲೀಕ ಬಿಲ್ ವಿರ್ಟ್ಸ್, ಯಾರನ್ನಾದರೂ ಹಾಕಿ ಆಟ ನಡೆಸಿ ಎಂದರು. ಅಮೆಚೂರ್ ಆಟಗಳನ್ನು ನಡೆಸಿ ಅನುಭವವಿದ್ದ ಮೂವರು ಸ್ಥಳೀಯರನ್ನು ಹುಡುಕಿದರು. ಪಾಲ್ ಮೆಕಿನ್ನಿಸ್ ಎಂಬುವರು ರೆಫರಿ, ಇನ್ನಿಬ್ಬರು ಲೈನ್ಸ್‌ಮನ್ನರು. ಸಿದ್ಧ ಅಂಗಿಯೂ ಇಲ್ಲ. ಅಭ್ಯಾಸದ ಹಳದಿ ಅಂಗಿ ಹಾಕಿಕೊಂಡು ಇಳಿದರು. ಪಟ್ಟೆ ಅಂಗಿ ಸಿಕ್ಕಿದ್ದು ಆಮೇಲೆ. ಹಾಗಾಗಿ ಆ ದಿನಕ್ಕೆ 'ಹಳದಿ ಭಾನುವಾರ' ಎಂಬ ಹೆಸರು ನಿಂತಿತು.

ಒಂದು ಕ್ಷಣ ಆ ಮೂವರನ್ನು ನೆನೆಸಿಕೊಳ್ಳಿ. ಟಿಕೆಟ್ ಕೊಂಡು ಕಾದು ಕಾದು ರೇಗಿದ ಸಾವಿರಾರು ಜನ, ಎರಡು ದಿನದಿಂದ ಕುದಿಯುತ್ತಿದ್ದ ಎರಡು ತಂಡ, ಸ್ಟಾನ್ಲಿ ಕಪ್ಪಿನ ಸೆಮಿಫೈನಲ್. ರಿಂಕಿನಲ್ಲಿ ಆ ಹುಡುಗಿಗೆ ನಾವು ಏಳೆಂಟು ಅಪ್ಪಂದಿರು ಕೂಗಿದ್ದೇ ಅವಳಿಗೆ ಎಷ್ಟಾಗಿರಬೇಕು! ಇವರು ಆಟ ನಡೆಸಿಕೊಟ್ಟರು. ಡೆವಿಲ್ಸ್ 3-1ರಿಂದ ಗೆದ್ದರು, ಸೀರೀಸ್ 2-2 ಆಯಿತು.

ಆಮೇಲೆ ಜೀಗ್ಲರ್ ಕಾಣಿಸಿಕೊಂಡರು. ಎಲ್ಲಿ ಹೋಗಿದ್ದಿರಿ ಎಂದು ಕೇಳಿದ್ದಕ್ಕೆ ಅವರು ವಿವರ ಕೊಡಲಿಲ್ಲ. ವಿಚಾರಣೆ ನಡೆಯಿತು, ಐದನೇ ಆಟಕ್ಕೆ ಶೋನ್‌ಫೆಲ್ಡ್ ಬೆಂಚಿನಿಂದ ಹೊರಗೆ. ಭಾನುವಾರ ಬೆಳಿಗ್ಗೆಯೇ ಆ ವಿಚಾರಣೆ ಮಾಡಿದ್ದರೆ ಕೋರ್ಟೂ ಇಲ್ಲ, ಹಳದಿ ಅಂಗಿಯೂ ಇಲ್ಲ. ಸೀರೀಸನ್ನು ಏಳನೇ ಆಟದಲ್ಲಿ ಬಾಸ್ಟನ್ ಗೆದ್ದಿತು. ಕೊಹಾರ್ಸ್‌ಕಿ ಮತ್ತೆ ಇಪ್ಪತ್ತು ವರ್ಷ ರೆಫರಿಯಾಗಿ ದುಡಿದ. ಶೋನ್‌ಫೆಲ್ಡ್ ಬೇರೆ ತಂಡಗಳಿಗೆ ಕೋಚ್ ಆದ. ಅರೀನಾ 2015ರಲ್ಲಿ ಬಾಗಿಲು ಹಾಕಿತು.

ಇನ್ನು ಕ್ರಿಕೆಟ್. 2008ರ ಜನವರಿಯ ಸಿಡ್ನಿ ಟೆಸ್ಟ್ ಬಗ್ಗೆ ನಿಮ್ಮ ಅಪ್ಪನನ್ನು ಕೇಳಿ, ಊಟ ತಣ್ಣಗಾಗುವ ತನಕ ಹೇಳುತ್ತಾರೆ. ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ ಕ್ಯಾಪ್ಟನ್. ಆಂಡ್ರ್ಯೂ ಸೈಮಂಡ್ಸ್ 30 ರನ್ನಿನಲ್ಲಿದ್ದಾಗ ಬ್ಯಾಟಿಗೆ ತಾಗಿ ಕ್ಯಾಚ್ ಹೋದರೂ ಅಂಪೈರ್ ಸ್ಟೀವ್ ಬಕ್ನರ್ ಔಟ್ ಕೊಡಲಿಲ್ಲ. ಸೈಮಂಡ್ಸ್ 162 ಹೊಡೆದು ಔಟಾಗದೆ ಉಳಿದ. ಭಾರತ ಸೋತಿತು, ಗದ್ದಲವಾಯಿತು, ಪರ್ತ್ ಟೆಸ್ಟಿಗೆ ಬಕ್ನರ್‌ನನ್ನು ತೆಗೆದು ಬಿಲ್ಲಿ ಬೌಡನ್‌ನನ್ನು ಹಾಕಿದರು. ಅವತ್ತು ನಾನು ಸಿಹಿ ತಿಂದೆ. ಈಗ ಅಷ್ಟು ಖುಷಿಯಿಲ್ಲ. ನೂರಕ್ಕೂ ಹೆಚ್ಚು ಟೆಸ್ಟ್ ನಡೆಸಿದವನನ್ನು ಬಲವಾದ ಬೋರ್ಡೊಂದು ಮೇಜು ಗುದ್ದಿದ್ದಕ್ಕೆ ತೆಗೆದರು ಎಂದರೆ, ಡೇವ್ ನ್ಯೂವೆಲ್ ಹೆದರಿದ್ದು ಇದಕ್ಕೇ ಅಲ್ಲವೇ? ಅದೇ ವರ್ಷ ಭಾರತ-ಶ್ರೀಲಂಕಾ ಸೀರೀಸಿನಲ್ಲಿ ಅಂಪೈರ್ ತೀರ್ಪನ್ನು ಟಿವಿಯಲ್ಲಿ ಮರುಪರಿಶೀಲಿಸುವ ಪದ್ಧತಿಯ ಪ್ರಯೋಗ ಶುರುವಾಯಿತು. ನೀವು ಈಗ ಡಿಆರ್‌ಎಸ್ ಎನ್ನುವುದು ಅದನ್ನೇ.

ಹಾಗಾದರೆ ಕ್ಯಾಮರಾ ಬಂದ ಮೇಲೆ ಎಲ್ಲ ಸರಿಹೋಯಿತೇ? ನಮ್ಮ ಪಕ್ಕದ ರಾಜ್ಯದ ಬಫಲೊದವರನ್ನು ಕೇಳಿ. 1999ರ ಜೂನ್ 19ರ ರಾತ್ರಿ ಶುರುವಾದ ಫೈನಲ್ಲಿನ ಆರನೇ ಆಟ, ಮೂರನೇ ಓವರ್‌ಟೈಮ್, ನಡುರಾತ್ರಿ ದಾಟಿದೆ. ಡಲ್ಲಾಸಿನ ಬ್ರೆಟ್ ಹಲ್ ಗೋಲು ಹೊಡೆದಾಗ ಅವನ ಒಂದು ಕಾಲು ಗೋಲಿಯ ಮುಂದಿನ ನೀಲಿ ಅರ್ಧವೃತ್ತದೊಳಗಿತ್ತು. ಪಕ್ಕಿಗಿಂತ ಮೊದಲು ಕಾಲು ಅಲ್ಲಿದ್ದರೆ ಗೋಲು ಇಲ್ಲ ಎಂದು ಆ ಸೀಸನ್ನಿಡೀ ಟಿವಿ ನೋಡಿ ಗೋಲು ರದ್ದು ಮಾಡಿದ್ದರು. ಆ ರಾತ್ರಿ ಮಾತ್ರ ಗೋಲು ನಿಂತಿತು. ಪಕ್ ಹಲ್‌ನ ಹಿಡಿತದಲ್ಲೇ ಇತ್ತು, ಆದ್ದರಿಂದ ಸರಿ ಎಂಬುದು ಲೀಗಿನ ವಿವರಣೆ. ಕಮಿಷನರ್ ಗ್ಯಾರಿ ಬೆಟ್ಮನ್‌ರನ್ನು ಕೇಳಲು ಹೋದರೆ ಬೆನ್ನು ತಿರುಗಿಸಿದರು ಎಂದು ಬಫಲೊ ಕೋಚ್ ಲಿಂಡಿ ರಫ್ ದೂರಿದರು. ಮುಂದಿನ ಸೀಸನ್ನಿಗೆ ಆ ನಿಯಮವನ್ನೇ ತೆಗೆದುಹಾಕಿದರು. ಬಫಲೊದ ಜನ ಇವತ್ತಿಗೂ 'ನೋ ಗೋಲ್' ಎನ್ನುತ್ತಾರೆ. ಅವರಿಗೆ ಕಪ್ಪಿಗಿಂತ ಆ ಬೆನ್ನೇ ಹೆಚ್ಚು ನೆನಪಿದೆಯೋ ಏನೋ.

2019ರಲ್ಲಿ ಸ್ಯಾನ್ ಹೋಸೆಯಲ್ಲಿ ಇದಕ್ಕೆ ಉಲ್ಟಾ ಆಯಿತು. ಏಳನೇ ಆಟ, ವೇಗಸ್ 3-0 ಮುಂದೆ. ಒಂದು ತಳ್ಳಾಟಕ್ಕೆ ರೆಫರಿಗಳು ವೇಗಸ್‌ಗೆ ಐದು ನಿಮಿಷದ ಪೆನಾಲ್ಟಿ ಕೊಟ್ಟರು. ಆ ಐದು ನಿಮಿಷದಲ್ಲಿ ನಾಲ್ಕು ಗೋಲು ಬಿದ್ದು ವೇಗಸ್ ಕೊನೆಗೆ ಸೋತಿತು. ಲೀಗು ತಾನೇ ವೇಗಸ್ ತಂಡದ ಕ್ಷಮೆ ಕೇಳಿತು. ಅಂಥ ದೊಡ್ಡ ಪೆನಾಲ್ಟಿ ಕೊಟ್ಟಾಗ ರೆಫರಿ ಟಿವಿ ನೋಡಬೇಕು ಎಂಬ ನಿಯಮ ಮುಂದಿನ ಸೀಸನ್ನಿಗೆ ಬಂತು.

ನನ್ನ ಆಫೀಸಿನಲ್ಲಿ ದಕ್ಷಿಣ ಜೆರ್ಸಿಯ ಒಬ್ಬ ಹಿರಿಯ ಸಹೋದ್ಯೋಗಿ ಇದ್ದಾರೆ, ಅಪ್ಪಟ ಫ್ಲೈಯರ್ಸ್ ಅಭಿಮಾನಿ. 1980ರಲ್ಲಿ ಅವರಿಗೆ ಹತ್ತು ವರ್ಷ. ಆ ಶನಿವಾರ ಅಪ್ಪನ ಜೊತೆ ಟಿವಿ ಮುಂದೆ ಕೂತು ಅತ್ತಿದ್ದರಂತೆ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೇಳಿದೆ, ಸ್ಟಿಕಲ್ ತಪ್ಪು ಒಪ್ಪಿಕೊಂಡಿದ್ದನಲ್ಲ, ಇನ್ನೂ ಸಿಟ್ಟಿದೆಯಾ? ಅವರು ಸ್ಯಾಂಡ್‌ವಿಚ್ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. "ಒಪ್ಪಿಕೊಂಡ, ಪಾಪ. ಒಳ್ಳೆಯ ಮನುಷ್ಯ" ಎಂದರು. ಮತ್ತೆ ಸ್ಯಾಂಡ್‌ವಿಚ್ ಎತ್ತಿಕೊಂಡು, "ಆದರೂ ಅದು ಆಫ್‌ಸೈಡೇ" ಎಂದರು.