ಖಾಲಿ ಉಳಿದ ಏಳು ಸಾಲುಗಳು

ಫ್ರಾನ್ಸ್ ದೇಶದಲ್ಲಿ 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ವಿಜೇತರ ಪಟ್ಟಿಯನ್ನು ನೀವು ತೆರೆದು ನೋಡಿದರೆ, 1999ರಿಂದ 2005ರವರೆಗಿನ ಏಳು ವರ್ಷಗಳ ಎದುರು ಯಾವ ವಿಜೇತನ ಹೆಸರೂ ಇಲ್ಲ. ಎರಡು ಮಹಾಯುದ್ಧಗಳ ಕಾಲದಲ್ಲಿ ಸ್ಪರ್ಧೆಯೇ ನಡೆಯದೆ ಪಟ್ಟಿಯಲ್ಲಿ ತೆರಪು ಬಿದ್ದುದುಂಟು. ಆದರೆ ಈ ಏಳು ವರ್ಷವೂ ಸ್ಪರ್ಧೆ ನಡೆಯಿತು. ಜನರು ರಸ್ತೆಯ ಇಕ್ಕೆಲಗಳಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಪ್ಯಾರಿಸ್ಸಿನಲ್ಲಿ ಒಬ್ಬನೇ ವ್ಯಕ್ತಿ ಏಳು ಬಾರಿಯೂ ಹಳದಿ ಅಂಗಿ ತೊಟ್ಟು ವೇದಿಕೆ ಏರಿದ. ಆತನೇ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ಆ ಹೆಸರು ಅಳಿಸಿಹೋದ ಬಗೆಯನ್ನು ಅರಿತರೆ, ಉದ್ದೀಪನ ಮದ್ದಿನ ತನಿಖೆಯೊಂದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಲಾಗದು ಎಂಬುದು ನಿಮಗೆ ತಿಳಿಯುತ್ತದೆ.

1998ರಲ್ಲಿ ಫೆಸ್ಟಿನಾ ತಂಡದ ವಾಹನವೊಂದರಲ್ಲಿ ಸುಂಕದ ಅಧಿಕಾರಿಗಳು ಮದ್ದುಗಳ ರಾಶಿಯನ್ನೇ ವಶಪಡಿಸಿಕೊಂಡಾಗ ಈ ಕ್ರೀಡೆಯ ಒಳಹುಣ್ಣು ಜಗತ್ತಿಗೆ ಕಂಡಿತು. ಅವುಗಳಲ್ಲಿ ಮುಖ್ಯವಾದುದು ಇಪಿಒ. ಇದು ನಮ್ಮ ಮೂತ್ರಪಿಂಡಗಳೇ ಸ್ರವಿಸುವ, ರಕ್ತದ ಕೆಂಪು ಕಣಗಳನ್ನು ಹೆಚ್ಚಿಸುವ ಹಾರ್ಮೋನು. ಕೃತಕವಾಗಿ ತಯಾರಿಸಿದ ಇದನ್ನು ಚುಚ್ಚಿಕೊಂಡರೆ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ದೊರೆತು ದಣಿವು ತಡವಾಗುತ್ತದೆ. ಅದನ್ನು ಪತ್ತೆಹಚ್ಚುವ ಪರೀಕ್ಷೆ ಆಗ ಬಳಕೆಗೆ ಬಂದಿರಲಿಲ್ಲ. ಅದು ಬಂದ ಮೇಲೆಯೂ, ತಮ್ಮದೇ ರಕ್ತವನ್ನು ಮೊದಲೇ ತೆಗೆದಿರಿಸಿ ಸ್ಪರ್ಧೆಯ ನಡುವೆ ಮರಳಿ ಏರಿಸಿಕೊಳ್ಳುವ ಉಪಾಯವನ್ನು ಸವಾರರು ಹಿಡಿದರು. ಹೀಗಾಗಿ ಪರೀಕ್ಷೆಗಳಲ್ಲಿ ಸಿಕ್ಕಿಬೀಳದಿರುವುದೇ ಆರ್ಮ್‌ಸ್ಟ್ರಾಂಗ್‌ನ ದೊಡ್ಡ ಸಮರ್ಥನೆಯಾಯಿತು. 1996ರಲ್ಲಿ ಕ್ಯಾನ್ಸರ್‌ಗೆ ತುತ್ತಾಗಿ ಬದುಕಿ ಬಂದ ವೀರನನ್ನು ಶಂಕಿಸಲು ಲೋಕಕ್ಕೂ ಮನಸ್ಸಿರಲಿಲ್ಲ.

ಪ್ರಯೋಗಾಲಯವು ಹೇಳಲಾರದ್ದನ್ನು ಮನುಷ್ಯರು ಹೇಳಿದರು, ಅದಕ್ಕೆ ಬೆಲೆಯನ್ನೂ ತೆತ್ತರು. ತಂಡದಲ್ಲಿ ಅಂಗಮರ್ದನದ ಕೆಲಸಕ್ಕಿದ್ದ ಐರ್ಲೆಂಡಿನ ಎಮ್ಮಾ ಓರೈಲಿ, 1999ರಲ್ಲಿ ಹಿಂದಿನ ದಿನಾಂಕ ಹಾಕಿ ವೈದ್ಯರ ಚೀಟಿ ಸೃಷ್ಟಿಸಿದ ಸಂಗತಿಯನ್ನು ಪತ್ರಕರ್ತ ಡೇವಿಡ್ ವಾಲ್ಷ್ ಅವರಿಗೆ ತಿಳಿಸಿದರು. ಅದಕ್ಕೆ ಪ್ರತಿಯಾಗಿ ಅವರಿಗೆ ದೊರೆತದ್ದು ಮೊಕದ್ದಮೆ ಮತ್ತು ನಿಂದೆ. ಮದ್ದಿನ ವೈದ್ಯನೆಂದು ಹೆಸರಾದ ಮಿಕೆಲೆ ಫೆರಾರಿಯ ವಿರುದ್ಧ ಸಾಕ್ಷಿ ನುಡಿದಿದ್ದ ಇಟಲಿಯ ಫಿಲಿಪ್ಪೋ ಸಿಮಿಯೋನಿಯನ್ನು 2004ರ ಸ್ಪರ್ಧೆಯಲ್ಲಿ ಆರ್ಮ್‌ಸ್ಟ್ರಾಂಗ್ ಸ್ವತಃ ಬೆನ್ನಟ್ಟಿ ತಡೆದ; ತುಟಿ ಹೊಲಿದುಕೊಳ್ಳುವಂತೆ ಬೆರಳಾಡಿಸಿ ತೋರಿಸಿದ.

2010ರಲ್ಲಿ ಹಳೆಯ ಸಹಸವಾರ ಫ್ಲಾಯ್ಡ್ ಲ್ಯಾಂಡಿಸ್ ಬಾಯಿಬಿಟ್ಟ. ಆತನೂ ನಿಷ್ಕಳಂಕನಲ್ಲ, 2006ರ ಪ್ರಶಸ್ತಿಯನ್ನು ಇದೇ ಅಪರಾಧಕ್ಕಾಗಿ ಕಳೆದುಕೊಂಡವನು. ಅಮೆರಿಕ ಸರ್ಕಾರದ ಅಪರಾಧ ತನಿಖೆಯು 2012ರ ಫೆಬ್ರವರಿಯಲ್ಲಿ ಯಾವ ಆರೋಪವನ್ನೂ ಹೊರಿಸದೆ ಮುಗಿಯಿತು. ಅಲ್ಲಿಗೆ ಎಲ್ಲವೂ ಮುಚ್ಚಿಹೋಗುವುದೆಂದು ಹಲವರು ಭಾವಿಸಿದರು. ಆದರೆ ಆ ದೇಶದ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ ಸುಮ್ಮನಾಗಲಿಲ್ಲ. ಅಕ್ಟೋಬರ್ 10ರಂದು ಅದು ಪ್ರಕಟಿಸಿದ ಸಾವಿರಕ್ಕೂ ಮಿಕ್ಕ ಪುಟಗಳ ದಾಖಲೆಗೆ ಆಧಾರವಾದದ್ದು 26 ಜನರ ಪ್ರಮಾಣಪೂರ್ವಕ ಸಾಕ್ಷ್ಯ. ಅವರಲ್ಲಿ 15 ಮಂದಿ ಸವಾರರು. ಏಳೂ ಗೆಲುವುಗಳಲ್ಲಿ ಜೊತೆಗಿದ್ದ ಜಾರ್ಜ್ ಹಿನ್‌ಕಪಿಯೂ ಅವರಲ್ಲೊಬ್ಬ. ಅದೇ ತಿಂಗಳ 22ರಂದು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಪ್ರಶಸ್ತಿಗಳನ್ನು ರದ್ದುಗೊಳಿಸಿ, ಆಜೀವ ನಿಷೇಧವನ್ನು ಅನುಮೋದಿಸಿತು. ಸತ್ಯವನ್ನು ಒಪ್ಪಿಕೊಂಡ ಹಲವು ಸವಾರರಿಗೆ ಆರು ತಿಂಗಳ ನಿಷೇಧವಷ್ಟೇ ಆಯಿತು.

ಆ ಪ್ರಶಸ್ತಿಗಳು ಯಾರಿಗೆ ಹೋದವು ಎಂದು ನೀವು ಕೇಳಬಹುದು. ಯಾರಿಗೂ ಹೋಗಲಿಲ್ಲ. 1999ರಲ್ಲಿ ಎರಡನೆಯವನಾಗಿದ್ದ ಅಲೆಕ್ಸ್ ಜೂಲೆ ಫೆಸ್ಟಿನಾ ಹಗರಣದಲ್ಲಿ ಇಪಿಒ ಸೇವನೆಯನ್ನು ಒಪ್ಪಿಕೊಂಡಿದ್ದವನು. ಮೂರು ಬಾರಿ ಎರಡನೆಯವನಾದ ಯಾನ್ ಉಲ್‌ರಿಷ್, 2005ರಲ್ಲಿ ಆ ಸ್ಥಾನದಲ್ಲಿದ್ದ ಇವಾನ್ ಬಾಸ್ಸೊ, ಇಬ್ಬರೂ ಮುಂದೆ ಮದ್ದಿನ ಪ್ರಕರಣದಲ್ಲಿ ಶಿಕ್ಷೆಗೊಳಗಾದರು. ಕಿರೀಟವನ್ನು ಧೈರ್ಯದಿಂದ ತೊಡಿಸಬಹುದಾದ ತಲೆ ಕಾಣದೆ ಒಕ್ಕೂಟವು ಸ್ಥಾನವನ್ನೇ ಖಾಲಿ ಬಿಟ್ಟಿತು.

2013ರ ಜನವರಿಯಲ್ಲಿ ಆರ್ಮ್‌ಸ್ಟ್ರಾಂಗ್ ದೂರದರ್ಶನದ ಸಂದರ್ಶನವೊಂದರಲ್ಲಿ ತಪ್ಪೊಪ್ಪಿಕೊಂಡ. ಆದರೆ ಎಲ್ಲರೂ ಮಾಡುತ್ತಿದ್ದುದರಿಂದ ಅದು ಆಗ ತನಗೆ ಮೋಸವೆಂದು ತೋರಿರಲಿಲ್ಲ ಎಂಬ ಅರ್ಥದ ಮಾತನ್ನೂ ಆಡಿದ. ಪ್ರಿಯ ಓದುಗರೇ, ಇಲ್ಲಿ ಒಂದು ಹೆಸರನ್ನು ನೆನಪಿಟ್ಟುಕೊಳ್ಳಿ: ಕ್ರಿಸ್ಟೋಫ್ ಬಾಸ್ಸೊನ್ಸ್. ಫೆಸ್ಟಿನಾ ತಂಡದಲ್ಲಿದ್ದೂ ಮದ್ದನ್ನು ಮುಟ್ಟದ ಫ್ರಾನ್ಸಿನ ಸವಾರ. 1999ರ ಸ್ಪರ್ಧೆಯ ವೇಳೆ ಪತ್ರಿಕೆಯಲ್ಲಿ ತನ್ನ ಶಂಕೆಯನ್ನು ಬರೆದುದಕ್ಕಾಗಿ ಇತರ ಸವಾರರು ಆತನೊಡನೆ ಮಾತು ಬಿಟ್ಟರು. ಕ್ರೀಡೆಯನ್ನೇ ತೊರೆದು ಹೋಗೆಂದು ಆರ್ಮ್‌ಸ್ಟ್ರಾಂಗ್ ಹೇಳಿದ. ಮನನೊಂದ ಬಾಸ್ಸೊನ್ಸ್ ಅರ್ಧದಲ್ಲೇ ಸ್ಪರ್ಧೆ ಬಿಟ್ಟ. 2001ರಲ್ಲಿ ವೃತ್ತಿಯನ್ನೂ ಬಿಟ್ಟ. ಎಲ್ಲರೂ ಮಾಡುತ್ತಾರೆಂಬ ಮಾತನ್ನು ಸುಳ್ಳಾಗಿಸಲು ಮಾಡದ ಒಬ್ಬನಿದ್ದರೆ ಸಾಕು.

ತನಿಖೆಯ ಫಲವನ್ನು ಈಗ ತೂಗಿ ನೋಡೋಣ. ಅದು ತಡವಾಗಿ ಬರುತ್ತದೆ. ಸುಳ್ಳಿನ ಮಾನವನ್ನು ಕಸಿಯುತ್ತದೆ. 2018ರಲ್ಲಿ ಆರ್ಮ್‌ಸ್ಟ್ರಾಂಗ್ ಸರ್ಕಾರಕ್ಕೆ 50 ಲಕ್ಷ ಡಾಲರ್ ಕೊಡಲೊಪ್ಪಿದಂತೆ ದಂಡವನ್ನೂ ವಸೂಲು ಮಾಡುತ್ತದೆ. ಆದರೆ ಬಾಸ್ಸೊನ್ಸ್ ಕಳೆದುಕೊಂಡ ವರ್ಷಗಳನ್ನು ಯಾವ ತೀರ್ಪೂ ಹಿಂದಿರುಗಿಸಲಾರದು. ತಪ್ಪಿತಸ್ಥನ ಅಂತರಂಗವನ್ನೂ ಅದು ತಿರುಗಿಸಲಾರದು. ಅದು ಪಶ್ಚಾತ್ತಾಪದ ಕೆಲಸ. ಲೂಕನ ಶುಭಸಂದೇಶದ ಜಕ್ಕಾಯನ ಮೇಲೆ ಯಾವ ತನಿಖೆಯೂ ನಡೆದಿರಲಿಲ್ಲ. ಪ್ರಭು ತನ್ನ ಮನೆಗೆ ಬಂದಾಗ ಆತನೇ ಎದ್ದುನಿಂತು, ವಂಚಿಸಿದವರಿಗೆ ನಾಲ್ಕರಷ್ಟು ಹಿಂದಿರುಗಿಸಲು ಮುಂದಾದ. ಪಾಪನಿವೇದನೆಯೊಡನೆ ಪರಿಹಾರವನ್ನೂ ಧರ್ಮಸಭೆ ನಮ್ಮಿಂದ ಕೇಳುವುದು ಇದಕ್ಕಾಗಿಯೇ.

ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ನಿಮ್ಮ ಮಕ್ಕಳು ಎಂದಾದರೂ ಹೇಳಿದಾಗ, ಗದರಿಸುವ ಮೊದಲು ಅವರಿಗೆ ಆ ಏಳು ಖಾಲಿ ಸಾಲುಗಳ ಕಥೆಯನ್ನು ಹೇಳಿರಿ. ವಿಜೇತರ ಪಟ್ಟಿಯಲ್ಲಿ ಎಂದೂ ಸೇರದ ಬಾಸ್ಸೊನ್ಸ್‌ನ ಕಥೆಯನ್ನೂ ಹೇಳಿರಿ. ಇವೆರಡರಲ್ಲಿ ಯಾವುದು ಗೆಲುವೆಂದು ಅವರೇ ಯೋಚಿಸಲಿ.